ಜಾತಕವುಳ್ಳ ಶಬ್ದಗಳು

ಮುಂಬಯಿಯ ಆಂಟಾಪ್ ಹಿಲ್ಲಿನಲ್ಲಿ ವಾಸವಾಗಿರುವ ನನಗೆ ಕಿಂಗ್ಸ್ ಸರ್ಕಲ್ಲಿನ ಫುಟ್‌ಪಾತಿನ ಮೇಲೆ ಹರಡಿರುವ ಹಳೆಯ ಪುಸ್ತಕಗಳ ರಾಶಿಯೇ ತೀರ್ಥಕ್ಷೇತ್ರ. ಅಲ್ಲಿ ಬೆನ್ನು ಮುರಿದ ನಿಘಂಟೊಂದನ್ನು ಆರಿಸಿ ತಂದು, ರಾತ್ರಿ ದೀಪದಡಿಯಲ್ಲಿ ಬಿಡಿಸಿಕೊಂಡು ಕುಳಿತು, ಶಬ್ದಗಳ ಮೂಲವನ್ನು ಅರಸುತ್ತ ಹೋಗುವುದಕ್ಕಿಂತ ಮಿಗಿಲಾದ ವಿನೋದವನ್ನು ನಾನು ಕಂಡಿಲ್ಲ. ಭಾಷೆಯ ಬಹುಪಾಲು ಶಬ್ದಗಳು ಹೆಸರರಿಯದ ಜನರ ಬಾಯಲ್ಲಿ ಹುಟ್ಟಿ, ಸವೆದು, ರೂಪಾಂತರ ಹೊಂದಿ ನಮ್ಮವರೆಗೆ ಬಂದವು. ಆದರೆ ಇಂಗ್ಲಿಷಿನಲ್ಲಿ ಕೆಲವಕ್ಕೆ ಜಾತಕವೇ ಉಂಟು. ಇಂಥವನು, ಇಂಥ ದಿನ, ಇಂಥ ಪ್ರಯೋಜನಕ್ಕಾಗಿ ಟಂಕಿಸಿದನೆಂದು ಅವುಗಳ ವಿಷಯದಲ್ಲಿ ನಿಶ್ಚಯವಾಗಿ ಹೇಳಬಹುದು.

ಅವುಗಳಲ್ಲಿ ನನಗೆ ಪರಮಪ್ರಿಯವಾದುದು 'ಸೆರೆಂಡಿಪಿಟಿ'. 1754ರ ಜನವರಿ 28ರಂದು ಆಂಗ್ಲ ಲೇಖಕ ಹೊರೇಸ್ ವಾಲ್‌ಪೋಲ್ ಫ್ಲಾರೆನ್ಸಿನಲ್ಲಿದ್ದ ತನ್ನ ಮಿತ್ರ ಹೊರೇಸ್ ಮ್ಯಾನನಿಗೆ ಬರೆದ ಕಾಗದದಲ್ಲಿ, ಅರಸದೆ ಇದ್ದ ವಸ್ತುವು ದೈವಯೋಗದಿಂದಲೂ ಸೂಕ್ಷ್ಮಬುದ್ಧಿಯಿಂದಲೂ ಕೈಸೇರುವುದಕ್ಕೆ ಈ ಹೆಸರನ್ನಿಟ್ಟನು. ಆತನಿಗೆ ಆಧಾರವಾದುದು ಸೆರೆಂಡಿಪ್ಪಿನ ಮೂವರು ರಾಜಕುಮಾರರ ಕಥೆ. ದಾರಿಯ ಎಡಮಗ್ಗುಲಿನ ಹುಲ್ಲು ಮಾತ್ರ ಮೇಯ್ದಿರುವುದನ್ನು ಕಂಡು, ಬಲಗಣ್ಣು ಕುರುಡಾದ ಹೇಸರಗತ್ತೆಯೊಂದು ಅಲ್ಲಿ ನಡೆದುಹೋಗಿದೆಯೆಂದು ಅವರಲ್ಲೊಬ್ಬನು ಊಹಿಸಿದುದನ್ನು ವಾಲ್‌ಪೋಲನು ಉದಾಹರಿಸಿದ್ದಾನೆ. ಆ ಕಥೆ 1557ರಲ್ಲಿ ವೆನಿಸ್ಸಿನಲ್ಲಿ ಇಟಾಲಿಯನ್ ಭಾಷೆಯಲ್ಲಿ ಅಚ್ಚಾಗಿದ್ದಿತು. ಸೆರೆಂಡಿಪ್ ಎಂಬುದಾದರೋ ಅರಬ್ಬರು ಲಂಕೆಯನ್ನು ಕರೆಯುತ್ತಿದ್ದ ಸರಂದೀಬ್. ಅದರ ಗರ್ಭದಲ್ಲಿರುವುದು ಸಿಂಹಲದ್ವೀಪ! ಸಂಸ್ಕೃತದ ಸಮಾಸವೊಂದು ಅರಬ್ಬೀ ನಾಲಗೆಯಲ್ಲಿ ಹೊರಳಿ, ಪಾರಸೀ ಕಥೆಗಳೊಳಗೆ ಸೇರಿ, ಇಟಲಿಯನ್ನು ಹಾಯ್ದು, ಆಂಗ್ಲ ರಸಿಕನ ಲೇಖನಿಯ ತುದಿಯಲ್ಲಿ ಭಾವವಾಚಕ ಪ್ರತ್ಯಯವನ್ನು ತೊಟ್ಟು ನಿಂತಿತೆಂಬುದನ್ನು ನೆನೆದಾಗಲೆಲ್ಲ ನನಗೆ ರೋಮಾಂಚನವಾಗುತ್ತದೆ.

ನಮ್ಮ ನಾಡಿನಲ್ಲಿ ಕೇಳಿದ ಮಾತುಗಳೂ ಹೀಗೆಯೇ ಹೊರಳಿ ಇಂಗ್ಲಿಷನ್ನು ಸೇರಿದ್ದುಂಟು. ಮೊಹರಮ್ಮಿನ ಮೆರವಣಿಗೆಯಲ್ಲಿ ಏಳುವ 'ಯಾ ಹಸನ್, ಯಾ ಹುಸೇನ್' ಎಂಬ ಶೋಕಘೋಷವು ಗೋರಾ ಸಿಪಾಯಿಗಳ ಕಿವಿಗೆ 'ಹಾಬ್ಸನ್-ಜಾಬ್ಸನ್' ಎಂದು ಬಿದ್ದಿತು; ಅದನ್ನೇ ಯೂಲ್ ಮತ್ತು ಬರ್ನೆಲ್ ಎಂಬ ವಿದ್ವಾಂಸರು 1886ರಲ್ಲಿ ಪ್ರಕಟವಾದ ತಮ್ಮ ಆಂಗ್ಲೋ-ಇಂಡಿಯನ್ ನಿಘಂಟಿಗೆ ಹೆಸರಾಗಿ ಇರಿಸಿದರು. ದಕ್ಷಿಣದ ಲಿಪಿಗಳನ್ನು ಕುರಿತ ತನ್ನ ಮಹತ್ತ್ವದ ಗ್ರಂಥವನ್ನು 1874ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದವನೂ ಈ ಬರ್ನೆಲ್ಲನೇ ಎಂಬುದರಿಂದ ನನಗೆ ಆತನಲ್ಲಿ ವಿಶೇಷವಾದ ಅಕ್ಕರೆ. ಇಲ್ಲಿಂದ ಅಷ್ಟೇನೂ ದೂರವಲ್ಲದ ಡೋಂಗ್ರಿಯ ಹೆಸರೇ ಒರಟು ಬಟ್ಟೆಯೊಂದಕ್ಕೆ ಅಂಟಿ 'ಡಂಗರೀ' ಆಯಿತೆಂದು ಹೇಳುವುದುಂಟು.

ಆದರೆ ಹುಟ್ಟಿದ ಶಬ್ದವೆಲ್ಲ ಬಾಳುವುದಿಲ್ಲ. ಅಮೆರಿಕದ ಜೆಲೆಟ್ ಬರ್ಜೆಸ್ ಎಂಬಾತನು 1907ರಲ್ಲಿ ತನ್ನ ಪುಸ್ತಕದ ಹೊರಹೊದಿಕೆಯ ಮೇಲೆ ಬೆಲಿಂಡಾ ಬ್ಲರ್ಬ್ ಎಂಬ ಕಲ್ಪಿತ ಕನ್ಯೆಯ ಚಿತ್ರವನ್ನು ಹಾಕಿಸಿ, ಅವಳ ಬಾಯಿಂದ ಆ ಪುಸ್ತಕವನ್ನೇ ಹೊಗಳಿಸಿದನು. ಆ ಹೊಗಳಿಕೆಗೆ 'ಬ್ಲರ್ಬ್' ಎಂದೇ ಹೆಸರಾಯಿತು. ಅದರಿಂದ ಉತ್ಸಾಹಗೊಂಡನೋ ಏನೋ, 1914ರಲ್ಲಿ ತಾನೇ ಸೃಷ್ಟಿಸಿದ ಶಬ್ದಗಳದೊಂದು ನಿಘಂಟನ್ನು ಹೊರತಂದನು. ಒಂದೊಂದಕ್ಕೂ ಅರ್ಥವಿದೆ, ಉದಾಹರಣೆಯಿದೆ, ಪದ್ಯವಿದೆ. ಆತನ ಶ್ರದ್ಧೆಯನ್ನು ಕಂಡು ನನಗೆ ಗೌರವವುಂಟಾಗುತ್ತದೆ. ಆ ಶಬ್ದಗಳನ್ನು ಬಹುಮಟ್ಟಿಗೆ ಯಾರೂ ಬಳಸಲಿಲ್ಲ. 'ಬ್ಲರ್ಬ್' ಮಾತ್ರ ಇಂದಿಗೂ ಕನ್ನಡದ ಪ್ರಕಾಶಕರ ಬಾಯಲ್ಲಿಯೂ ಇದೆ.