ನಾಗವಲ್ಲಿ ಯಾವ ಊರಿನವಳು?

ರಾತ್ರಿ ದೆವ್ವದ ಕಥೆ ಕೇಳಿ ಬಚ್ಚಲಿಗೆ ಹೋಗಲು ಜೊತೆ ಬೇಡುವ ಮಕ್ಕಳೇ ಮರುದಿನ ಸಂಜೆ ಎಲ್ಲರಿಗಿಂತ ಮೊದಲು ಬಂದು ಕೂತು "ಇನ್ನೊಂದು ಹೇಳು" ಎಂದು ಪೀಡಿಸುತ್ತವೆ. ದೊಡ್ಡವರು ದುಡ್ಡು ಕೊಟ್ಟು ಟಿಕೆಟ್ ತಗೊಂಡು ಹೆದರುತ್ತಾರೆ, ವ್ಯತ್ಯಾಸ ಅಷ್ಟೇ. ಆದರೆ ಬಿಳಿ ಸೀರೆ, ಗೆಜ್ಜೆ ಸದ್ದು, ಹಿಂದುಮುಂದಾದ ಪಾದಗಳ ಭಯ ಒಂದು ವಯಸ್ಸಿಗೆ ಮುಗಿದುಹೋಗುತ್ತದೆ. ಆಮೇಲೆ ಹಿಡಿದುಕೊಳ್ಳುವ ಭಯದ ಜಾತಿಯೇ ಬೇರೆ. ಎದುರು ಕೂತು ಕಾಫಿ ಹೀರುತ್ತಿರುವವಳು ನಿಜವಾಗಿ ಅವಳೇನಾ? ಅಥವಾ, ಹೀಗೆಲ್ಲ ಅನುಮಾನ ಬರುತ್ತಿರುವ ನನ್ನ ತಲೆಯೇ ನೆಟ್ಟಗಿಲ್ಲವೋ?

ಈ ಎರಡನೆಯ ಭಯದಲ್ಲಿ ಮಲಯಾಳಿಗಳು ಪಳಗಿದವರು. ಕೊಚ್ಚಿಯ ಪಕ್ಕದ ತೃಪ್ಪೂಣಿತ್ತುರದಲ್ಲಿ ಹಿಲ್ ಪ್ಯಾಲೇಸ್ ಇದೆ. 1865ರಲ್ಲಿ ಕಟ್ಟಿದ್ದು, ಕೊಚ್ಚಿ ಅರಸರು ಇದ್ದದ್ದು, ಈಗ ಮ್ಯೂಸಿಯಂ. ಹೆಂಚಿನ ಮಾಡು, ಮೆಟ್ಟಿಲ ಸಾಲು, ಸುತ್ತ ಮರಗಿಡ. ಅಲ್ಲಿ ಹೆದರಬೇಕೆಂದು ಹಟ ಹಿಡಿದರೂ ಹೆದರಿಕೆ ಬಾರದು. 1993ರಲ್ಲಿ ನಿರ್ದೇಶಕ ಫಾಸಿಲ್ 'ಮಣಿಚಿತ್ರತ್ತಾಳ್' ಚಿತ್ರ ತೆಗೆದಾಗ ಇದನ್ನೂ ಪದ್ಮನಾಭಪುರದ ಅರಮನೆಯನ್ನೂ ಬಳಸಿಕೊಂಡು 'ಮಾಡಂಪಳ್ಳಿ' ಎಂಬ ಒಂದೇ ಮನೆ ಮಾಡಿದರು. ಒಂದು ಕೊಚ್ಚಿ ಸಂಸ್ಥಾನದ್ದು, ಇನ್ನೊಂದು ತಿರುವಾಂಕೂರಿನದು. ನಡುವೆ 200 ಕಿಲೋಮೀಟರಿಗೂ ಹೆಚ್ಚು ದಾರಿ. ಅಂದರೆ ಇಡೀ ಕೇರಳವನ್ನು ನಡುಗಿಸಿದ ಆ ಮನೆ ಭೂಮಿಯ ಮೇಲೆ ಎಲ್ಲೂ ಇಲ್ಲ! ಪದ್ಮನಾಭಪುರದ ಕತೆ ಇನ್ನೂ ಮಜವಾಗಿದೆ. ರಾಜಧಾನಿ ಅಲ್ಲಿಂದ ತಿರುವನಂತಪುರಕ್ಕೆ ಹೋದದ್ದು 1795ರಲ್ಲಿ. 1956ರಲ್ಲಿ ರಾಜ್ಯಗಳ ಗಡಿ ಗೆರೆ ಎಳೆದಾಗ ಊರು ಇಂದಿನ ತಮಿಳುನಾಡಿಗೆ ಸೇರಿತು, ಅರಮನೆಯ ಉಸ್ತುವಾರಿ ಮಾತ್ರ ಕೇರಳ ಸರ್ಕಾರದ ಬಳಿಯೇ ಉಳಿಯಿತು. ಒಬ್ಬರ ನೆಲ, ಇನ್ನೊಬ್ಬರ ಆಳ್ವಿಕೆ. ಮೈಮೇಲೆ ಬರುವುದು ಎಂದರೆ ಇದೇ ತಾನೆ?

ಮಧು ಮುಟ್ಟಂ ಬರೆದ ಆ ಚಿತ್ರಕಥೆಯಲ್ಲಿ ದೆವ್ವವೇ ಇಲ್ಲ. ಬೀಗ ಹಾಕಿದ ಕೋಣೆಯಿದೆ, ತಂಜಾವೂರಿನಿಂದ ತಂದಿಟ್ಟ ನರ್ತಕಿ ನಾಗವಲ್ಲಿಯ ಕಥೆಯಿದೆ, ಆ ಕಥೆಯನ್ನು ಅತಿಯಾಗಿ ಹಚ್ಚಿಕೊಂಡ ಗಂಗಾ ಎಂಬ ಸೊಸೆಯಿದ್ದಾಳೆ. ನನ್ನನ್ನು ಕೇಳಿದರೆ ಚಿತ್ರದ ಅತಿ ಭಯಂಕರ ಗಳಿಗೆ ಕೊನೆಯ ನೃತ್ಯದಲ್ಲಿಲ್ಲ. ಒಡವೆ ತರಲು ಹೊರಟವಳನ್ನು ಗಂಡ "ಈಗ ಹೋಗುವುದು ಬೇಡ" ಎಂದು ತಡೆಯುತ್ತಾನೆ. ಯಾವ ಮನೆಯಲ್ಲಿ ನಡೆಯದ ಮಾತು ಇದು? ಗಂಗಾ ಆಗಿರುವ ಶೋಭನಾ ಕಣ್ಣು ಬದಲಾಗುತ್ತದೆ, ಮಂಚ ಒಂದೇ ಕೈಯಲ್ಲಿ ಮೇಲೇಳುತ್ತದೆ. ಆ ಪಾತ್ರಕ್ಕೆ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಬರದಿದ್ದರೆ ಅದೇ ದೊಡ್ಡ ಹಾರರ್ ಆಗುತ್ತಿತ್ತು. ಇನ್ನು ಚಿಕಿತ್ಸೆ ನೋಡಿ: ಅಮೆರಿಕದಿಂದ ಬಂದ ಮನೋವೈದ್ಯ ಮೋಹನ್‌ಲಾಲ್, ಮಂತ್ರವಾದಿ ತಿಲಕನ್ ಜೊತೆ ಸೇರಿ ವಾಸಿ ಮಾಡುತ್ತಾನೆ. ವಿಜ್ಞಾನಿಗಳು ಮುನಿಸಿಕೊಳ್ಳಲಿ, ಮನೆಗೊಬ್ಬ ಡಾಕ್ಟರು, ಊರಿಗೊಬ್ಬ ಜೋಯಿಸರು ಎಂದು ಬದುಕುವ ನಮಗೆ ಅದು ಸರಿಯಾಗಿಯೇ ಕಾಣುತ್ತದೆ.

ಒಂದು ತಮಾಷೆ ಗಮನಿಸಿ. ಮಲಯಾಳದಲ್ಲಿ ನಾಗವಲ್ಲಿ ಆಡುವುದು ತಮಿಳು. ಅದೇ ಕಥೆ 2004ರಲ್ಲಿ 'ಆಪ್ತಮಿತ್ರ'ವಾಗಿ ಕನ್ನಡಕ್ಕೆ ಬಂದಾಗ ಅವಳು ತೆಲುಗಿನಲ್ಲಿ "ರಾ ರಾ" ಎಂದು ಕರೆದಳು. ತಮಿಳಿನ 'ಚಂದ್ರಮುಖಿ'ಯೂ ತೆಲುಗಿನವಳೇ. ಹಿಂದಿಗೆ ಹೋದದ್ದೇ ಬಂಗಾಳಿಯಾದಳು. ಯಾವ ಊರಲ್ಲೂ ದೆವ್ವ ಮನೆಭಾಷೆ ಆಡುವುದಿಲ್ಲ! ನಮ್ಮ ಮನಸ್ಸಿನೊಳಗಿನ ಕೊಳೆಯನ್ನು ಗಡಿಯಾಚೆಯವರ ತಲೆಗೆ ಕಟ್ಟುವುದು ಎಷ್ಟು ಸಲೀಸು.

ಆಪ್ತಮಿತ್ರದ ಮಾತು ಬಂದರೆ ಅದರಲ್ಲಿ ಆ ಸೊಸೆಯಾಗಿದ್ದ ಸೌಂದರ್ಯ ನೆನಪಾಗುತ್ತಾರೆ. 2004ರ ಏಪ್ರಿಲ್ 17ರಂದು ವಿಮಾನ ಅಪಘಾತದಲ್ಲಿ ಹೋದರು. ಚಿತ್ರ ತೆರೆಗೆ ಬಂದದ್ದು ಆಗಸ್ಟಿನಲ್ಲಿ. ಸತ್ತವಳೊಬ್ಬಳು ತನ್ನ ಮೈಮೇಲೆ ಬಂದಂತೆ ನಟಿಸುತ್ತಿರುವ ಹೆಣ್ಣು, ನಾವು ನೋಡುವ ಹೊತ್ತಿಗೆ ತಾನೇ ಇಲ್ಲ. 2009ರ ಡಿಸೆಂಬರ್ 30ರಂದು ಅದೇ ಚಿತ್ರದ ನಾಯಕ ವಿಷ್ಣುವರ್ಧನ್ ತೀರಿಕೊಂಡರು, ಮುಂದಿನ ಭಾಗ 'ಆಪ್ತರಕ್ಷಕ' ಬಂದದ್ದು ಆಮೇಲೆ. ಸರಿ, ನಾಗವಲ್ಲಿಯ ಕಾಟ ಎಂದು ಜನ ಎರಡನ್ನೂ ಗಂಟು ಹಾಕಿದರು. ನಗುವಂತಿಲ್ಲ. ಕಾರಣವೇ ಇಲ್ಲದ ಸಾವನ್ನು ನುಂಗುವುದಕ್ಕಿಂತ ದೆವ್ವವೊಂದನ್ನು ನಂಬುವುದು ಸುಲಭ; ದೆವ್ವಕ್ಕೆ ಕೊನೇಪಕ್ಷ ಒಂದು ಸಿಟ್ಟಾದರೂ ಇರುತ್ತದೆ. ಕಾರಣ ಸಿಕ್ಕದ ಕಡೆ ಮನಸ್ಸು ಕಥೆ ಹೊಸೆಯುತ್ತದೆ, ಹೊಸೆದದ್ದಕ್ಕೆ ತಾನೇ ಬೆಚ್ಚುತ್ತದೆ.

ತಿರುವನಂತಪುರದಲ್ಲೂ ಹಾಗೇ. ಪದ್ಮನಾಭಸ್ವಾಮಿ ದೇವಾಲಯದ ನೆಲಮಾಳಿಗೆಗಳನ್ನು 2011ರಲ್ಲಿ ಸುಪ್ರೀಂ ಕೋರ್ಟಿನ ಆದೇಶದಂತೆ ತೆರೆದಾಗ ಚಿನ್ನದ ರಾಶಿಯೇ ಸಿಕ್ಕಿತು. ಆದರೆ ಜನರ ಬಾಯಲ್ಲಿ ಹೆಚ್ಚು ಹೊರಳುವುದು ತೆರೆಯದೆ ಉಳಿದ 'ಬಿ' ಕೋಣೆ. ಕಾಂಞಿರೋಟ್ಟು ಯಕ್ಷಿ ಅಲ್ಲಿದ್ದಾಳೆಂದು ಐತಿಹ್ಯ. ಸಿಕ್ಕ ಚಿನ್ನಕ್ಕೆ ಲೆಕ್ಕವಿದೆ, ಯಕ್ಷಿಗೆ ಎಲ್ಲಿದೆ?

ಯಕ್ಷಿಯನ್ನು ಮನಸ್ಸಿನೊಳಕ್ಕೆ ಇಳಿಸಿದವರು ಮಲಯಾಟ್ಟೂರ್ ರಾಮಕೃಷ್ಣನ್. ಐಎಎಸ್ ಅಧಿಕಾರಿ, ಫೈಲುಗಳ ನಡುವೆ ಇದ್ದವರಿಗೆ ಪಿಶಾಚಿಗಳ ಪರಿಚಯ ಚೆನ್ನಾಗಿಯೇ ಇರುತ್ತದೆ. ಅವರ 'ಯಕ್ಷಿ' 1967ರದು, ಮರುವರ್ಷ ಸಿನಿಮಾ ಆಯಿತು. ಪ್ರಯೋಗಾಲಯದ ಅವಘಡದಲ್ಲಿ ಮುಖ ಸುಟ್ಟುಕೊಂಡ ಮೇಷ್ಟ್ರನ್ನು ಒಬ್ಬ ಸುಂದರಿ ಮೆಚ್ಚುತ್ತಾಳೆ. ಈ ಮುಖವನ್ನು ಮನುಷ್ಯಳಾದವಳು ಮೆಚ್ಚುವುದುಂಟೆ, ಇವಳು ಯಕ್ಷಿಯೇ ಇರಬೇಕು ಎಂದು ಅವನ ತರ್ಕ. ಓದುವ ನಮಗೂ ಅದು ಎಷ್ಟು ಹೊತ್ತು ನ್ಯಾಯವಾಗಿ ಕಾಣುತ್ತದೆ ಎನ್ನುವುದರಲ್ಲೇ ಕಾದಂಬರಿಯ ಮೋಡಿಯಿದೆ.

ಕನ್ನಡದಲ್ಲಿ ಇಂಥದ್ದಿಲ್ಲವೇ ಎಂದು ಯಾರಾದರೂ ಕೇಳಿದರೆ ನಾನು ತ್ರಿವೇಣಿಯವರ 'ಶರಪಂಜರ'ವನ್ನು ಮುಂದಿಡುತ್ತೇನೆ. "ಅದು ಸಾಂಸಾರಿಕ ಕಾದಂಬರಿ, ಹಾರರ್ ಎಲ್ಲಿ ಬಂತು?" ಎಂದು ರೇಗುವವರಿದ್ದಾರೆ. ರೇಗಲಿ. ಬಾಣಂತನದ ನಂತರ ಬುದ್ಧಿ ಕೆಟ್ಟ ಕಾವೇರಿ ಆಸ್ಪತ್ರೆಯಿಂದ ಗುಣವಾಗಿ ಬರುತ್ತಾಳೆ. ಅವಳು ಜೋರಾಗಿ ನಕ್ಕರೆ ಎಲ್ಲರೂ ಮುಖ ಮುಖ ನೋಡಿಕೊಳ್ಳುತ್ತಾರೆ, ಸುಮ್ಮನಿದ್ದರೆ ಪಿಸುಗುಡುತ್ತಾರೆ. 1971ರಲ್ಲಿ ಪುಟ್ಟಣ್ಣ ಕಣಗಾಲರ ಚಿತ್ರದಲ್ಲಿ ಕಲ್ಪನಾ ಆ ನೋಟಗಳಡಿಯಲ್ಲೇ ಮತ್ತೆ ಕುಸಿದದ್ದನ್ನು ಕಂಡವರು ಮರೆತಿರಲಾರರು. ಅಲ್ಲಿ ಮಂತ್ರವಾದಿಯನ್ನು ಯಾರೂ ಕರೆಸಲಿಲ್ಲ. ಕರೆಸಿದ್ದರೂ ಆತ ಯಾರ ಮೈಯಿಂದ ಏನನ್ನು ಬಿಡಿಸಬೇಕಿತ್ತು?