ಅಗೆದ ಹೊಲದ ಪಾಲು

ಕೈಗಾರಿಕೆಯೆಂದೊಡನೆ ನಮ್ಮ ಕಣ್ಮುಂದೆ ಕುಲುಮೆ, ಹೊಗೆಕೊಳವೆಗಳು ನಿಲ್ಲುತ್ತವೆ. ಆ ಕುಲುಮೆಗೆ ಅದಿರನ್ನೊದಗಿಸಿದ ನೆಲದ ಗತಿಯನ್ನು ಸಂಡೂರು ಸೀಮೆಯಲ್ಲಿ ಕಾಣಬೇಕು. ಈ ಶತಮಾನದ ಮೊದಲ ದಶಕದಲ್ಲಿ ಚೀನಾದೇಶದ ಉಕ್ಕಿನ ಕಾರ್ಖಾನೆಗಳ ಬೇಡಿಕೆಯಿಂದ ಅದಿರಿನ ಬೆಲೆ ಏರಿದಾಗ, ಬೆಟ್ಟಗಳಷ್ಟೇ ಅಲ್ಲ, ರೈತರ ಪಟ್ಟಾ ಹೊಲಗಳೂ ಅಗೆತಕ್ಕೆ ಒಳಗಾದವು. ಜೋಳ ಬೆಳೆಯುತ್ತಿದ್ದ ಎಷ್ಟೋ ಮನೆಗಳವರು ಸಾಲಮಾಡಿ ಲಾರಿ ಕೊಂಡರು. ಆ ದಿನಗಳಲ್ಲಿ ಆ ಮಾರ್ಗವಾಗಿ ಸಂಚರಿಸಿದ ನಮ್ಮ ಬಿಳಿಯ ಪಂಚೆ ಸಂಜೆಯ ವೇಳೆಗೆ ದೀಕ್ಷೆಯಿಲ್ಲದೆಯೇ ಕಾವಿಯಾಗಿತ್ತು! ಬೆಳೆಯ ಎಲೆಗಳ ಮೇಲೂ ಅದೇ ಧೂಳು.

2011ರ ಜುಲೈ 29ರಂದು ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಯಿತು. ಅದು ಆಗಲೇಬೇಕಾಗಿದ್ದ ಕಾರ್ಯ. ಆದರೆ ಲಾರಿಗಳು ನಿಂತವೇ ಹೊರತು ಸಾಲದ ಕಂತು ನಿಲ್ಲಲಿಲ್ಲ. 2013ರಲ್ಲಿ ಘೋರ ಅಕ್ರಮವೆಸಗಿದ ಗುತ್ತಿಗೆಗಳನ್ನು ರದ್ದುಪಡಿಸಿ, ಉಳಿದವಕ್ಕೆ ವಾರ್ಷಿಕ ಮಿತಿಯೊಡನೆ ನ್ಯಾಯಾಲಯವು ಅನುಮತಿಯಿತ್ತಿತು. ಅಗೆದ ಹೊಲದ ಮೇಲ್ಮಣ್ಣು ಮಾತ್ರ ಯಾವ ಆಜ್ಞೆಯಿಂದಲೂ ಮರಳುವಂಥದಲ್ಲ.

ತಡೆಯಾದ ಮರುವರ್ಷ ಆ ಸೀಮೆಯ ತಾಯಿಯೊಬ್ಬರು ನಮ್ಮಲ್ಲಿಗೆ ಬಂದರು. ಹೊಲವನ್ನು ಅಗೆಯಲು ಕೊಡುವಾಗ ಅವರನ್ನು ಯಾರೂ ಕೇಳಿರಲಿಲ್ಲ. ಪಾಲಿನ ಚಿಂತೆ ಮಾತ್ರ ಅವರ ತಲೆಗೆ ಬಂದಿತ್ತು. "ಮೂರು ಮಕ್ಕಳು ಅದಾರ್ರೀ ಗುರುಗಳ, ಆ ತಗ್ಗು ಯಾರ ಪಾಲಿಗೆ ಹಾಕೂದು?" ಎಂದರು. ಅದನ್ನು ಪಾಲಿಗೆ ಹಾಕದೆ ಮೂವರೂ ಕೂಡಿ ಕೆರೆಯ ಹೂಳು ತಂದು ತುಂಬಿಸಲೆಂದು ನಾವು ಸೂಚಿಸಿದೆವು. ಜೊತೆಗಿದ್ದ ಹಿರಿಯ ಮಗ ತಲೆಯೆತ್ತಲಿಲ್ಲ. ಹೂಳು ಹೇರಲು ಲಾರಿ ಬೇಕು. ಲಾರಿಯನ್ನು ಸಾಲ ಕೊಟ್ಟವರು ಆಗಲೇ ಒಯ್ದಿದ್ದರು.