ನಗೆಯೂ ಅನುಮೋದನೆಯೇ

ಜೈನಾಚಾರ್ಯರು ಒಂಬತ್ತು ನೋಕಷಾಯಗಳನ್ನು ಹೇಳುವಾಗ ಹಾಸ್ಯವನ್ನೇ ಮೊದಲು ಎಣಿಸಿದ್ದಾರೆ. ತತ್ತ್ವಾರ್ಥಸೂತ್ರವು ಸತ್ಯವ್ರತದ ಭಾವನೆಗಳಲ್ಲಿ ಕ್ರೋಧ, ಲೋಭ, ಭಯಗಳೊಡನೆ ಹಾಸ್ಯದ ತ್ಯಾಗವನ್ನೂ ಸೇರಿಸಿದೆ. ಮೇಲ್ನೋಟಕ್ಕೆ ಇದು ಕಠೋರವೆನಿಸಬಹುದು. ಮೊಮ್ಮಕ್ಕಳೊಡನೆ ಹಳೆಯ ಕಾರ್ಟೂನ್ ಚಿತ್ರಗಳನ್ನು ನೋಡುವಾಗ ಇದರ ಔಚಿತ್ಯ ನನಗೆ ಮನದಟ್ಟಾಯಿತು.

ನಮ್ಮ ಮನೆಗಳ ಮಕ್ಕಳೆಲ್ಲ ಬಲ್ಲ 'ಟಾಮ್ ಅಂಡ್ ಜೆರ್ರಿ' ಚಿತ್ರಮಾಲೆಯನ್ನು ಅಮೆರಿಕದಲ್ಲಿ ಹನ್ನಾ ಮತ್ತು ಬಾರ್ಬೆರಾ ಎಂಬಿಬ್ಬರು 1940ರಲ್ಲಿ ಆರಂಭಿಸಿದರು. ಅದಕ್ಕೆ ಏಳು ಆಸ್ಕರ್ ಪ್ರಶಸ್ತಿಗಳು ಸಂದವು. ಅಹಿಂಸಾಧರ್ಮೀಯರಾದ ನಾವು ಅದರಲ್ಲಿನ ಹೊಡೆದಾಟವನ್ನು ಕುರಿತು ಚಿಂತಿಸುವುದು ಸಹಜ. ಆದರೆ ಸುತ್ತಿಗೆಯ ಪೆಟ್ಟು ತಿಂದ ಬೆಕ್ಕು ಮರುಕ್ಷಣವೇ ಎದ್ದು ಓಡುತ್ತದೆ. ಹಾಗೆ ಮರುಕ್ಷಣ ಮಾಯದ ಗಾಯವೊಂದು ಆ ಚಿತ್ರಗಳಲ್ಲಿದೆ.

ಆ ಮನೆಯ ಕೆಲಸಕಾರ್ಯ ನೋಡಿಕೊಳ್ಳುವ ಕಪ್ಪು ಜನಾಂಗದ ಹೆಂಗಸೊಬ್ಬಳಿದ್ದಾಳೆ. ಬಹುತೇಕ ಆಕೆಯ ಕಾಲು, ಚಪ್ಪಲಿ, ಪೊರಕೆಗಳಷ್ಟೇ ಕಾಣುತ್ತವೆ. "ಅಜ್ಜಾ, ಆ ಅಮ್ಮನಿಗೆ ಮುಖ ಯಾಕಿಲ್ಲ?" ಎಂದು ಮಗು ಕೇಳಿತು. ಆಕೆಗೆ ಧ್ವನಿಯಿತ್ತ ಕಲಾವಿದೆ ಲಿಲಿಯನ್ ರ್‍ಯಾಂಡಾಲ್ಫ್ ಅವರ ಹೆಸರು ಕೂಡ ಪರದೆಯ ಮೇಲೆ ಬರಲಿಲ್ಲ. ಸ್ಫೋಟವಾದಾಗ ಬೆಕ್ಕಿನ ಮುಖಕ್ಕೆ ಮಸಿ ಹತ್ತಿ, ತುಟಿಗಳು ದಪ್ಪಗಾಗಿ, ಕಪ್ಪು ಜನರ ಅಣಕವಾಗುವ ದೃಶ್ಯಗಳೂ ಉಂಟು. ಬಿಳಿಯ ನಟರು ಮುಖಕ್ಕೆ ಮಸಿ ಬಳಿದುಕೊಂಡು ಕುಣಿಯುತ್ತಿದ್ದ ಹತ್ತೊಂಬತ್ತನೆಯ ಶತಮಾನದ ನಾಟಕಗಳೇ ಈ ಹಾಸ್ಯದ ಮೂಲ. ಒಂದು ಜನಾಂಗವನ್ನು ಇಲ್ಲದ ರೂಪದಲ್ಲಿ ತೋರಿಸಿದ್ದು ಅಸತ್ಯ. ಅದನ್ನು ಕಂಡು ಹಿಗ್ಗುವುದರಲ್ಲಿ ಜಾತಿಮದ, ಕುಲಮದಗಳಿವೆ.

ಕೃತ, ಕಾರಿತ, ಅನುಮೋದಿತವೆಂಬ ಮೂರು ಬಗೆಯಿಂದಲೂ ಕರ್ಮಾಸ್ರವವಾಗುತ್ತದೆಂದು ನಾವು ಓದಿದ್ದೇವೆ. ಚಿತ್ರ ಬರೆದವರು ಬೇರೆ, ಬರೆಯಿಸಿದವರು ಬೇರೆ. ಆದರೆ ನಗುವ ಪ್ರೇಕ್ಷಕನದು ಅನುಮೋದನೆ.

ಆ ಕಾಲವೇ ಹಾಗಿತ್ತು ಎನ್ನುವವರುಂಟು. ಅದು ಅರ್ಧಸತ್ಯ. 1941ರಲ್ಲಿ ಯೂನಿವರ್ಸಲ್ ಸಂಸ್ಥೆ ಬಿಡುಗಡೆ ಮಾಡಿದ್ದ ಇಂತಹದೇ ಒಂದು ಚಿತ್ರದ ವಿರುದ್ಧ ಕಪ್ಪು ಜನರ ಹಕ್ಕುಗಳ ಸಂಘವು ಪ್ರತಿಭಟಿಸಿತು. 1949ರಲ್ಲಿ ಚಿತ್ರವನ್ನು ಹಿಂದೆಗೆದುಕೊಳ್ಳಲಾಯಿತು. ನೊಂದವರು ಅಂದೇ ಮಾತನಾಡಿದ್ದರು.

ಹಾಗಾದರೆ ಇವನ್ನು ಅಳಿಸಿಬಿಡಬೇಕೆ? 1960ರ ದಶಕದಲ್ಲಿ ದೂರದರ್ಶನಕ್ಕಾಗಿ ಕೆಲವು ಚಿತ್ರಗಳಲ್ಲಿ ಆ ಹೆಂಗಸಿನ ಬದಲು ಬಿಳಿಯ ಹೆಂಗಸನ್ನು ಬರೆದು ಧ್ವನಿಯನ್ನೂ ಬದಲಿಸಿದರು. ಅವಮಾನವೇನೋ ಹೋಯಿತು, ಜೊತೆಗೆ ರ್‍ಯಾಂಡಾಲ್ಫ್ ಅವರ ಕಲೆಯೂ ಹೋಯಿತು. ಮುಂದೆ ಬಂದ ಡಿವಿಡಿಗಳಲ್ಲಿ, ಈ ಚಿತ್ರಣ ಅಂದೂ ತಪ್ಪು, ಇಂದೂ ತಪ್ಪು ಎಂಬರ್ಥದ ಹೇಳಿಕೆಯನ್ನು ಮೊದಲಿಗೇ ಸೇರಿಸಿದರು. ದೋಷವನ್ನು ಮುಚ್ಚಿಡದೆ ಹೇಳಿಕೊಳ್ಳುವ ನಮ್ಮ ಆಲೋಚನಾ ವಿಧಿಗೆ ಇದು ಹತ್ತಿರವೆಂದು ನನಗನಿಸುತ್ತದೆ.

ಯಾವುದು ಅವಮಾನವೆಂಬುದನ್ನು ಹೊರಗಿನವರೇ ನಿರ್ಣಯಿಸಿದರೂ ಸಾಲದು. ಮೆಕ್ಸಿಕೋದ ಇಲಿ ಸ್ಪೀಡಿ ಗೊನ್ಸಾಲೆಸ್‌ನ ಚಿತ್ರಗಳನ್ನು ಅಮೆರಿಕದ ವಾಹಿನಿಯೊಂದು 1999ರಲ್ಲಿ ನಿಲ್ಲಿಸಿದಾಗ, ಲ್ಯಾಟಿನ್ ಅಮೆರಿಕ ಮೂಲದವರ ಸಂಘವೇ ಅವನ್ನು ಮರಳಿ ಕೇಳಿತು. 2002ರಲ್ಲಿ ಅವು ಮರಳಿದವು. ಅನೇಕಾಂತವೆಂದರೆ ಇಲ್ಲಿ ಚಿತ್ರಿತರಾದವರ ಮಾತನ್ನೂ ಕೇಳುವುದು.

ನಮ್ಮ ಬಸದಿಗಳ ಪಾಠಶಾಲೆಗಳಲ್ಲಿ ರಜಾದಿನಗಳಲ್ಲಿ ಮಕ್ಕಳಿಗೆ ಚಿತ್ರ ತೋರಿಸುವುದುಂಟು. ಚಿತ್ರ ಮುಗಿದೊಡನೆ ದೀಪ ಹಾಕಿ, ನಾವು ನಕ್ಕದ್ದು ಯಾರನ್ನು ಕಂಡು, ಅವರು ಇಲ್ಲಿ ಕುಳಿತಿದ್ದರೆ ನಮ್ಮೊಡನೆ ನಗುತ್ತಿದ್ದರೆ ಎಂದು ಹತ್ತು ನಿಮಿಷ ವಿಚಾರಿಸುವ ಪದ್ಧತಿಯನ್ನು ಶಿಕ್ಷಕರು ಬೆಳೆಸಲಿ. ಮನೆಯಲ್ಲಿ ಈ ಹೊಣೆ ಹಿರಿಯರಾದ ನಮ್ಮದು.